ಬಾಕ್ಸ್ ಹೊಸದು, ವೈರು ಯಾವ ಕಾಲದ್ದು?

ಮಳೆ ಹಿಡಿಯಿತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಕರೆಂಟಿನದ್ದೇ ಸಿಂಹಪಾಲು. ನಮ್ಮ ಬಡಾವಣೆ ಗೋಪಾಳದಲ್ಲಿ ಹಾಲಿನ ಬೂತಿಗೆ ಹೋದರೂ ಒಬ್ಬರಲ್ಲ ಒಬ್ಬರು ನಿಲ್ಲಿಸಿ ಕೇಳುತ್ತಾರೆ. ಭದ್ರಾವತಿಯ ಹಳೇ ಕ್ವಾರ್ಟರ್ಸ್ ಕಡೆಯವರು ಫೋನ್ ಮಾಡುತ್ತಾರೆ. ಸುತ್ತಿ ಬಳಸಿ ಪ್ರಶ್ನೆ ಎರಡೇ. ಒಂದು, "ನಮ್ಮನೇಲಿ ಇನ್ನೂ ಬಿಳಿ ಪಿಂಗಾಣಿ ಫ್ಯೂಸ್ ಇದೆ, ತೆಗೆಸಿ ಎಂಸಿಬಿ ಹಾಕಿಸ್ಬೇಕಾ?" ಇನ್ನೊಂದು, ಈಗಾಗಲೇ ಹಾಕಿಸಿಕೊಂಡವರದ್ದು: "ಹೊಸ ಬಾಕ್ಸ್ ಬಂದಾಗಿನಿಂದ ದಿನಾ ಟ್ರಿಪ್ ಆಗ್ತಿದೆ ಸಾರ್, ಹಳೇದೇ ವಾಸಿ ಇತ್ತು." ಮೊದಲನೆಯದಕ್ಕೆ ಉತ್ತರ ಒಂದೇ ಮಾತಿನದು, ಹಾಕಿಸಿ. ಎರಡನೆಯದಕ್ಕೆ ಸ್ವಲ್ಪ ವಿವರ ಬೇಕು. ಅದು ತಿಳಿಯದೆ ಬಾಕ್ಸ್ ಬದಲಾಯಿಸಿದವರು ದುಡ್ಡನ್ನೂ ಕೊಟ್ಟು, ಅಪಾಯವನ್ನೂ ಮನೆಯಲ್ಲೇ ಉಳಿಸಿಕೊಂಡಿರುತ್ತಾರೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಈ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೆ. ಮೆಸ್ಕಾಂ ಇನ್ನೂ ಹುಟ್ಟಿರದ ಕೆಇಬಿ ಕಾಲದ ಮನೆ. ಬಾಗಿಲ ಹಿಂದೆ ಮರದ ಹಲಗೆ, ಅದರ ಮೇಲೆ ಕಬ್ಬಿಣದ ಮೇನ್ ಸ್ವಿಚ್, ಕೆಳಗೆ ಸಾಲಾಗಿ ಕಿಟ್‌ಕ್ಯಾಟ್ ಫ್ಯೂಸುಗಳು. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಫ್ಯೂಸನ್ನು ಒಂದೊಂದಾಗಿ ಕಿತ್ತು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಅಡುಗೆಮನೆ ಸಾಲಿನ ಫ್ಯೂಸ್ ಒಂದು ಬದಿಯಲ್ಲಿ ಕಂದಿತ್ತು, ಹಿತ್ತಾಳೆ ಸ್ಕ್ರೂ ಬಿಸಿಗೆ ಕಪ್ಪಾಗಿತ್ತು. ಎರಡು ಸ್ಕ್ರೂಗಳ ನಡುವೆ ಒಂದೇ ಒಂದು ತೆಳು ತಂತಿ ಇರಬೇಕಾದ ಜಾಗದಲ್ಲಿ ಯಾವುದೋ ವೈರಿನ ನಾಲ್ಕೈದು ಎಳೆಗಳನ್ನು ಹೊಸೆದು ಕಟ್ಟಿದ್ದರು. ಮೇಷ್ಟ್ರ ಮನೆಯವರು ಹೆಮ್ಮೆಯಿಂದಲೇ ಹೇಳಿದರು: "ಮಿಕ್ಸಿ ಹಾಕಿದಾಗೆಲ್ಲ ಹೋಗ್ತಿತ್ತು. ಯಾರೋ ಹುಡುಗ ಬಂದು ಗಟ್ಟಿಯಾಗಿ ಕಟ್ಟಿಕೊಟ್ಟ. ಆಮೇಲೆ ಒಂದು ಸಲಾನೂ ಹೋಗಿಲ್ಲ ನೋಡಿ."

"ಹೋಗೋದೂ ಇಲ್ಲ ಅಮ್ಮಾ," ಅಂದ ಆತ. "ಇದು ಫ್ಯೂಸಲ್ಲ, ಸೇತುವೆ."

ಆ ಮಾತಿಗೆ ಲೆಕ್ಕದ ಆಧಾರವಿದೆ. 5 ಆಂಪ್ ಫ್ಯೂಸಿಗೆ ತವರ ಲೇಪಿಸಿದ ತಾಮ್ರದ ತಂತಿ 0.2 ಮಿ.ಮೀ. ದಪ್ಪ ಇದ್ದರೆ ಸಾಕು, 15 ಆಂಪ್‌ಗೆ 0.5 ಮಿ.ಮೀ. ಹಾಗಿದ್ದೂ ಕಟ್ಟುವ ಫ್ಯೂಸು ಹೇಳಿದ ಅಂಕಿಗೇ ಕರಗುವುದಿಲ್ಲ. 15 ಆಂಪಿನದು ಕರಗಬೇಕಾದರೆ ಹೆಚ್ಚುಕಡಿಮೆ ಅದರ ದುಪ್ಪಟ್ಟು ಕರೆಂಟ್ ಹರಿಯಬೇಕು. ಫ್ಲೆಕ್ಸಿಬಲ್ ವೈರಿನ 0.3 ಮಿ.ಮೀ. ಎಳೆಯೊಂದು ಕರಗಲು ಸುಮಾರು 13 ಆಂಪ್ ಬೇಕು. ಅಂಥ ನಾಲ್ಕು ಎಳೆ ಸೇರಿದರೆ 50ರ ಆಸುಪಾಸು. ಗೋಡೆಯೊಳಗಿನ ವೈರು ತಾಳುವುದು 15ರಿಂದ 20 ಆಂಪ್ ಎಂದಿಟ್ಟುಕೊಳ್ಳಿ. ಆಗ ಮೊದಲು ಕರಗುವುದು ಯಾವುದು? ಕೈಗೆ ಸಿಗುವ ಫ್ಯೂಸಲ್ಲ, ಗೋಡೆಯೊಳಗೆ ಕಣ್ಣಿಗೆ ಬೀಳದ ವೈರಿನ ಹೊದಿಕೆ. ಹಳೆಯ ಫ್ಯೂಸ್ ತನ್ನಷ್ಟಕ್ಕೆ ಕೆಟ್ಟ ಸಾಧನವೇನಲ್ಲ. ಸರಿಯಾದ ತಂತಿ ಕಟ್ಟಿದ್ದರೆ ಅದು ಇವತ್ತಿಗೂ ವೈರನ್ನು ಕಾಯುತ್ತದೆ. ಕತ್ತಲಲ್ಲಿ, ಕೈಗೆ ಸಿಕ್ಕ ತಂತಿಯನ್ನು ಯಾರು ಬೇಕಾದರೂ ಕಟ್ಟಬಹುದು ಎಂಬುದೇ ಅದರ ದೊಡ್ಡ ದೋಷ. ಎಂಸಿಬಿಯ ನಿಜವಾದ ಲಾಭ ಇಲ್ಲೇ ಇರುವುದು. ಅದರ ಅಂಕಿಯನ್ನು ಸ್ಕ್ರೂಡ್ರೈವರ್ ಹಿಡಿದು ಬದಲಾಯಿಸಲು ಬರುವುದಿಲ್ಲ.

ಆದರೆ ಫ್ಯೂಸ್ ಪದೇ ಪದೇ ಹೋಗುತ್ತಿದ್ದುದು ಏಕೆ ಎಂಬುದು ಬೇರೆ ಪ್ರಶ್ನೆ. ಆ ಮನೆಗೆ ವೈರಿಂಗ್ ಮಾಡಿದಾಗ ಇದ್ದದ್ದು ನಾಲ್ಕಾರು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ. ಸ್ನಾನದ ನೀರು ಹಂಡೆಯಲ್ಲಿ ಕಾಯುತ್ತಿತ್ತು, ಅಡುಗೆ ಸೀಮೆಎಣ್ಣೆ ಸ್ಟೌವಿನ ಮೇಲೆ. ಈಗ ಬಚ್ಚಲಲ್ಲಿ 2 ಕಿಲೋವಾಟ್ ಗೀಸರ್, ಅಡುಗೆಮನೆಯಲ್ಲಿ ಅಷ್ಟೇ ತೂಕದ ಇಂಡಕ್ಷನ್ ಒಲೆ, ಮೇಲೆ ಮಿಕ್ಸಿ, ಫ್ರಿಜ್ಜು, ವಾಷಿಂಗ್ ಮಷೀನು. 230 ವೋಲ್ಟಿನಲ್ಲಿ 2 ಕಿಲೋವಾಟ್ ಎಂದರೆ ಸುಮಾರು 9 ಆಂಪ್. ಬೆಳಗ್ಗೆ ಆರೂವರೆಗೆ ಒಬ್ಬರು ಸ್ನಾನಕ್ಕೂ ಇನ್ನೊಬ್ಬರು ಕಾಫಿಗೂ ಇಳಿದರೆ 18 ಆಂಪ್ ಆಯಿತು. ಅವೆರಡೂ ಒಂದೇ ಹಳೆಯ ಲೈನಿನಲ್ಲಿದ್ದರೆ ವೈರು ದಿನಾ ಬೇಯುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗಿನ ಮನೆಗಳಿಗೆ ಬಿಲ್ಲಿನ ಭಯ ಕಡಿಮೆಯಾಗಿದೆ, ಒಳ್ಳೆಯದೇ. ಆದರೆ ಬಿಲ್ ಸೊನ್ನೆಯಾದರೂ ವೈರಿನ ಲೆಕ್ಕ ಸೊನ್ನೆಯಾಗುವುದಿಲ್ಲ. ಮೀಟರ್ ತಿಂಗಳ ಮೊತ್ತ ನೋಡುತ್ತದೆ, ವೈರು ಆ ಹೊತ್ತಿನ ಹೊರೆ ನೋಡುತ್ತದೆ.

ಆದ್ದರಿಂದ ಬಾಕ್ಸ್ ಬದಲಾಯಿಸಲು ಬಂದವರನ್ನು ಮೊದಲು ಕೇಳಬೇಕಾದ್ದು ಎಂಸಿಬಿಯ ಕಂಪನಿ ಯಾವುದು ಅಂತಲ್ಲ, ಗೋಡೆಯೊಳಗಿರುವ ವೈರು ಯಾವುದು ಅಂತ. 1.5 ಚದರ ಮಿ.ಮೀ. ತಾಮ್ರದ ವೈರಿದ್ದರೆ ಲೈಟು ಫ್ಯಾನುಗಳ ಸಾಲಿಗೆ 6 ಅಥವಾ 10 ಆಂಪ್ ಎಂಸಿಬಿ. 2.5ರ ವೈರಿಗೆ 16. ಗೀಸರ್, ಎಸಿ, ಇಂಡಕ್ಷನ್‌ನಂಥವಕ್ಕೆ ಬಾಕ್ಸಿನಿಂದಲೇ ಪ್ರತ್ಯೇಕವಾಗಿ ಎಳೆದ 4ರ ವೈರಿದ್ದರೆ 20. ವೈರಿನ ಅಳತೆಗೆ ಎಂಸಿಬಿ ಬರಬೇಕೇ ಹೊರತು ಗೀಸರಿನ ಅಳತೆಗೆ ಅಲ್ಲ. "16ರದು ಟ್ರಿಪ್ ಆಗ್ತಿತ್ತು, 32ರದು ಹಾಕಿಸಿದೆ, ಈಗ ಆರಾಮ" ಎಂದು ಯಾರಾದರೂ ಹೇಳಿದರೆ, ಹಳೇ ಹುಡುಗನೇ ಹೊಸ ಬಾಕ್ಸಿಗೂ ಬಂದು ಎಳೆ ಹೊಸೆದು ಹೋಗಿದ್ದಾನೆ ಎಂದು ತಿಳಿಯಿರಿ. ಮೇಷ್ಟ್ರ ಮನೆಯಲ್ಲಿ ಹಲಗೆ ಬಿಚ್ಚಿದಾಗ ಹಿಂದೆ ಹಲ್ಲಿ ಮೊಟ್ಟೆಯ ಚಿಪ್ಪುಗಳ ಜೊತೆ ಸಿಕ್ಕಿದ್ದು ರಬ್ಬರ್ ಹೊದಿಕೆಯ ವೈರು. ಬೆರಳು ತಾಗಿಸಿದರೆ ಹೊದಿಕೆ ಪುಡಿಪುಡಿಯಾಗಿ ಉದುರಿತು. ಅದರ ತುದಿಗೆ ಎಷ್ಟು ದುಬಾರಿ ಎಂಸಿಬಿ ಸಿಕ್ಕಿಸಿದರೂ ಪ್ರಯೋಜನವಿಲ್ಲ. ಕೊನೆಗೆ ಅಡುಗೆಮನೆ, ಬಚ್ಚಲು ಎರಡಕ್ಕೂ ಹೊಸ ಲೈನ್ ಎಳೆಯಬೇಕೆಂದು ತೀರ್ಮಾನವಾಯಿತು.

ಇಲ್ಲಿಗೆ ವೈರು ಸುರಕ್ಷಿತವಾಯಿತು. ಮನುಷ್ಯ? ಎಂಸಿಬಿ ಮನುಷ್ಯನನ್ನು ಕಾಯಲು ಮಾಡಿದ್ದೇ ಅಲ್ಲ. ಗೀಸರಿನ ಎಲಿಮೆಂಟ್ ಒಡೆದು ಒಳಗಿನ ಲೋಹದ ಟ್ಯಾಂಕಿಗೆ ಕರೆಂಟ್ ಬಂತೆನ್ನಿ. ಅರ್ತ್ ವೈರಿನ ಮೂಲಕ ಅದು ನೆಲಕ್ಕೆ ಇಳಿಯಬೇಕು. ಆ ದಾರಿಯ ಒಟ್ಟು ತಡೆ 10 ಓಮ್ ಇದ್ದರೆ ಹರಿಯುವುದು 23 ಆಂಪ್ ಮಾತ್ರ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 'ಸಿ' ಮಾದರಿಯ 16 ಆಂಪ್ ಎಂಸಿಬಿ ತಕ್ಷಣ ಬೀಳಬೇಕಾದರೆ ಕನಿಷ್ಠ 80 ಆಂಪ್‌ಗಿಂತ ಹೆಚ್ಚು ಬೇಕು. 23 ಆಂಪ್ ಅದಕ್ಕೆ ಸ್ವಲ್ಪ ಜಾಸ್ತಿ ಹೊರೆಯಂತೆ ಕಾಣುತ್ತದೆಯೇ ಹೊರತು ಅಪಾಯದಂತೆ ಅಲ್ಲ. ಬೀಳಲು ಅದು ಬಹಳ ಹೊತ್ತು ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಗೀಸರಿನ ಮೈ, ಅದಕ್ಕೆ ತಾಗಿದ ಲೋಹದ ಪೈಪು, ನಲ್ಲಿ ಎಲ್ಲವೂ ಜೀವಂತ. ಕೆಳಗೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರು ನಾವು.

ಈ ಕೆಲಸಕ್ಕೆಂದೇ ಇರುವುದು ಆರ್‌ಸಿಸಿಬಿ. ಅಂಗಡಿಯಲ್ಲಿ ಇಎಲ್‌ಸಿಬಿ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ. ಇದರ ತತ್ವ ಸರಳ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಪೈಪಿನಿಂದಲೋ, ಗೋಡೆಯ ತೇವದಿಂದಲೋ, ನಮ್ಮ ಮೈಯಿಂದಲೋ. ಮನೆಗೆ ಹಾಕುವ ಆರ್‌ಸಿಸಿಬಿ ಆ ವ್ಯತ್ಯಾಸ 30 ಮಿಲಿಆಂಪ್ ತಲುಪುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. 30 ಮಿಲಿಆಂಪ್ ಎಂದರೆ ಒಂದು ಆಂಪಿನ ನೂರರಲ್ಲಿ ಮೂರು ಪಾಲು. ಅದಕ್ಕಿಂತ ಹೆಚ್ಚು ಕರೆಂಟು ಎದೆಯ ಮೂಲಕ ಸ್ವಲ್ಪ ಹೊತ್ತು ಹರಿದರೂ ಹೃದಯದ ಬಡಿತ ತಾಳ ತಪ್ಪುವ ಅಪಾಯವಿದೆ. ಸೋರಿಕೆ ಜೋರಾಗಿದ್ದರೆ ಇದು ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಬೀಳಬೇಕೆಂಬುದು ಮಾನದಂಡ. ಷಾಕ್ ಹೊಡೆದ ಅನುಭವ ಆಗಿಯೇ ಆಗುತ್ತದೆ. ಆದರೆ ಕೈ ಹಿಡಿದುಕೊಂಡು ಬಿಡದಿರುವುದು ತಪ್ಪುತ್ತದೆ. ಒಂದು ಮಿತಿ ಮಾತ್ರ ನೆನಪಿರಲಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದು ಕಾಯಲಾರದು, ಅವರ ಲೆಕ್ಕ ತಾಳೆಯಾಗಿರುತ್ತದೆ. ಹೊರೆಗೂ ಶಾರ್ಟಿಗೂ ಇದು ಬೀಳುವುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಎರಡೂ ಇರಬೇಕು.

ಅರ್ತಿಂಗ್ ವಿಷಯದಲ್ಲಿ ಹಳೆಯ ಮನೆಗಳದ್ದು ಒಂದು ವಿಚಿತ್ರ ಕತೆ. ಹಿಂದೆ ಎಷ್ಟೋ ಕಡೆ ಅರ್ತ್ ವೈರನ್ನು ನೀರಿನ ಜಿಐ ಪೈಪಿಗೆ ಸುತ್ತಿ ಬಿಡುತ್ತಿದ್ದರು. ಪೈಪು ನೆಲದೊಳಗೆ ದೂರ ಹೋಗುತ್ತಿದ್ದುದರಿಂದ ಕೆಲಸ ಹೇಗೋ ನಡೆಯುತ್ತಿತ್ತು. ಆಮೇಲೆ ಪೈಪು ತುಕ್ಕು ಹಿಡಿಯಿತು, ಪ್ಲಂಬರ್ ಬಂದು ಪಿವಿಸಿ ಹಾಕಿ ಹೋದ. ನೀರು ಚೆನ್ನಾಗಿ ಬರತೊಡಗಿತು, ಅರ್ತ್ ಅವತ್ತೇ ಸತ್ತಿತು, ಯಾರಿಗೂ ಗೊತ್ತಾಗಲಿಲ್ಲ. ಮೂರು ಪಿನ್ನಿನ ಪ್ಲಗ್ ಇದೆ, ಮೂರನೇ ತೂತಿನ ಹಿಂದೆ ಏನೂ ಇಲ್ಲ. ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎನ್ನುವ ಮನೆಗಳಲ್ಲಿ ನಾನು ಮೊದಲು ಕೇಳುವುದೇ ನೀರಿನ ಪೈಪ್ ಯಾವಾಗ ಬದಲಾಯಿಸಿದಿರಿ ಅಂತ. ಇದ್ದಿಲು, ಉಪ್ಪು ಹಾಕಿ ಹೂತ ಅರ್ತ್ ಗುಂಡಿ ಇರುವ ಮನೆಗಳಲ್ಲೂ ಪೈಪಿಗೆ ವೈರು ಸೇರುವ ಬೋಲ್ಟ್ ತುಕ್ಕು ಹಿಡಿದು ಬಿಟ್ಟಿರಬಹುದು. ಬಾಕ್ಸ್ ಬದಲಿಸುವ ದಿನವೇ ಅದನ್ನೂ ಅಳೆಸಿ ನೋಡಬೇಕು.

ಹಳೆಯ ಬೋರ್ಡಿನಲ್ಲಿ ಇನ್ನೊಂದು ಸಂಗತಿ ಕಾಣಿಸಿದರೆ ಬಾಕ್ಸ್ ಬದಲಾಯಿಸಲು ಬೇರೆ ಕಾರಣವೇ ಬೇಡ. ಅದು ಫೇಸಿಗೊಂದು, ನ್ಯೂಟ್ರಲ್‌ಗೊಂದು ಎಂದು ಜೋಡಿ ಫ್ಯೂಸ್ ಇರುವುದು. 1956ರ ಭಾರತೀಯ ವಿದ್ಯುತ್ ನಿಯಮಗಳೇ ನ್ಯೂಟ್ರಲ್‌ಗೆ ಹೀಗೆ ಬೇರೆ ಫ್ಯೂಸ್ ಹಾಕಕೂಡದೆಂದು ಹೇಳಿದ್ದವು. ಕಾರಣ ಸ್ಪಷ್ಟ. ನ್ಯೂಟ್ರಲ್ ಫ್ಯೂಸ್ ಹೋದರೆ ಬಲ್ಬ್ ಉರಿಯುವುದಿಲ್ಲ, ಫ್ಯಾನ್ ತಿರುಗುವುದಿಲ್ಲ, ಕರೆಂಟ್ ಇಲ್ಲವೆಂದುಕೊಂಡು ಹೋಲ್ಡರ್‌ಗೆ ಕೈ ಹಾಕುತ್ತೇವೆ. ಫೇಸ್ ಮಾತ್ರ ಅಲ್ಲೇ ಕಾದಿರುತ್ತದೆ. ಹೊಸ ಬಾಕ್ಸಿನಲ್ಲಿ ಮೇನ್ ಡಬಲ್ ಪೋಲ್ ಇರಲಿ ಎಂದು ಹೇಳುವುದು ಇದಕ್ಕೇ. ಒಂದೇ ಗುಂಡಿ, ಎರಡೂ ತಂತಿ ಒಟ್ಟಿಗೆ ಕಡಿಯುತ್ತವೆ.

ಈಗ ಆ ಎರಡನೇ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಹಾಕಿಸಿದ ಮೇಲೆ ಟ್ರಿಪ್ ಏಕೆ? ಬಹುಪಾಲು ಮನೆಗಳಲ್ಲಿ ಹೊಸ ಬಾಕ್ಸ್ ತೊಂದರೆ ತಂದಿರುವುದಿಲ್ಲ, ಇದ್ದ ತೊಂದರೆಯನ್ನು ತೋರಿಸುತ್ತಿರುತ್ತದೆ. ಹಳೆಯ ಫ್ಯೂಸಿಗೆ 30 ಮಿಲಿಆಂಪ್ ಕಾಣುವ ಕಣ್ಣೇ ಇರಲಿಲ್ಲ. ಮಲೆನಾಡಿನ ಮಳೆ ಗೋಡೆಯೊಳಗಿನ ಪೈಪಿಗೆ ಇಳಿಯುತ್ತದೆ. ಗೇಟಿನ ದೀಪದ ಹೋಲ್ಡರಿನಲ್ಲಿ ನೀರು ನಿಲ್ಲುತ್ತದೆ. ಟೆರೇಸಿನ ಜಂಕ್ಷನ್ ಬಾಕ್ಸಿನಲ್ಲಿ ಇರುವೆ ಗೂಡು ಕಟ್ಟುತ್ತದೆ, ಇಲಿ ಅಟ್ಟದ ವೈರು ಕಡಿಯುತ್ತದೆ. ಇವೆಲ್ಲ ವರ್ಷಾನುಗಟ್ಟಲೆ ತೊಟ್ಟು ತೊಟ್ಟಾಗಿ ಸೋರುತ್ತಿದ್ದವು. ಜೂನ್‌ನಲ್ಲಿ ಟ್ರಿಪ್, ಜನವರಿಯಲ್ಲಿ ಇಲ್ಲ ಎಂದಾದರೆ ತೇವ ಎಲ್ಲಿದೆ ಎಂದು ಹುಡುಕಬೇಕೇ ಹೊರತು ಆರ್‌ಸಿಸಿಬಿಯನ್ನು ಬೈಯಬಾರದು.

ಪತ್ತೆ ಮಾಡುವ ಕ್ರಮ ಮನೆಯವರೇ ಶುರು ಮಾಡಬಹುದಾದಷ್ಟು ಸುಲಭ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೆ ಏರಿಸಿ. ಆಗ ನಿಂತರೆ ದೋಷ ಯಾವುದೋ ಉಪಕರಣದ್ದು, ನಮ್ಮ ಕಡೆ ಹೆಚ್ಚಾಗಿ ಗೀಸರಿನ ಎಲಿಮೆಂಟ್ ಅಥವಾ ಬಾವಿಯ ಪಂಪು. ಆಗಲೂ ಬಿದ್ದರೆ ವೈರಿಂಗಿನದು. ಅಲ್ಲಿಂದ ಮುಂದೆ ಮೆಗ್ಗರ್ ಎಂಬ ಪರೀಕ್ಷಾ ಸಾಧನ ಹಿಡಿದವರ ಕೆಲಸ. ಬಾಕ್ಸಿನ ಮುಚ್ಚಳ ತೆಗೆಯುವ ಸಾಹಸ ಬೇಡ.

ಉಪಕರಣವೂ ಸರಿ, ವೈರೂ ಸರಿ, ಆದರೂ ಬೀಳುತ್ತದೆ ಎನ್ನುವ ಮನೆಗಳಲ್ಲಿ ತಪ್ಪು ನ್ಯೂಟ್ರಲ್‌ನದ್ದು. ಯುಪಿಎಸ್ ಹಾಕುವಾಗ ಫೇಸನ್ನು ಮಾತ್ರ ಬೇರೆ ಮಾಡಿ ನ್ಯೂಟ್ರಲನ್ನು ಇಡೀ ಮನೆಗೆ ಒಟ್ಟಿಗೇ ಬಿಟ್ಟಿರುತ್ತಾರೆ. ಮಹಡಿ ಮೆಟ್ಟಿಲಿನ ದೀಪಕ್ಕೆ ಫೇಸ್ ಕೆಳಮನೆಯದು, ನ್ಯೂಟ್ರಲ್ ಮೇಲ್ಮನೆಯದು. ಹೀಗೆ ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ವಾಪಸ್ ಬಂದರೆ ಆರ್‌ಸಿಸಿಬಿಯ ಲೆಕ್ಕ ತಪ್ಪುತ್ತದೆ, ಅದು ಸೋರಿಕೆ ಎಂದೇ ಭಾವಿಸಿ ಬೀಳುತ್ತದೆ. ಇದನ್ನು ಬಿಡಿಸಿ ಬೇರೆ ಮಾಡಲು ಅರ್ಧ ದಿನದ ತಾಳ್ಮೆ ಬೇಕು. ಅವಸರದ ಕೆಲಸಗಾರ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ "ಈಗ ಸರಿ ಹೋಯ್ತು ಸಾರ್" ಅನ್ನುತ್ತಾನೆ. ಬಾಕ್ಸಿನಲ್ಲಿ ಅದು ಕೂತಿರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಗುರುತಿಸುವುದು ಸುಲಭ. ಅದರ ಮೇಲೆ 'ಟಿ' ಎಂಬ ಪುಟ್ಟ ಗುಂಡಿ ಇರುತ್ತದೆ. ಕರೆಂಟ್ ಇರುವಾಗ ಒತ್ತಿದರೆ ಅದು ಬಿದ್ದು ಮನೆಯ ಕರೆಂಟ್ ಹೋಗಬೇಕು. ಒತ್ತಿದರೂ ಬೀಳಲಿಲ್ಲವೆಂದರೆ, ಅಥವಾ ಬಿದ್ದ ಮೇಲೂ ಫ್ಯಾನ್ ತಿರುಗುತ್ತಿದ್ದರೆ, ಅವತ್ತೇ ಜನ ಕರೆಸಿ. ಆದರೆ ಯುಪಿಎಸ್ ಇದ್ದ ಮನೆಯಲ್ಲಿ ಅದರ ಸಾಲಿನ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದ್ದರಿಂದ ಗೀಸರ್ ಸಾಲನ್ನು ನೋಡಿ. ಯುಪಿಎಸ್ ಸಾಲಿಗೆ ಬೇರೆ ರಕ್ಷಣೆ ಇದೆಯೇ ಎಂದೂ ಕೇಳಿ.

ಎಂಸಿಬಿ, ಆರ್‌ಸಿಸಿಬಿ ಎರಡರ ಕಣ್ಣಿಗೂ ಬೀಳದ ಒಂದು ದೋಷವಿದೆ, ಸಡಿಲ ಜಾಯಿಂಟು. ಕರೆಂಟ್ ಹೆಚ್ಚಿಲ್ಲ, ಸೋರಿಕೆಯೂ ಇಲ್ಲ, ಸ್ಕ್ರೂ ಸಡಿಲವಿದ್ದಲ್ಲಿ ಮಾತ್ರ ಕೆಂಡದಂಥ ಬಿಸಿ. ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರವನ್ನು ತಿರುಚಿ ಸೇರಿಸಿ ಟೇಪ್ ಸುತ್ತಿದಲ್ಲಿ ಇದು ಗ್ಯಾರಂಟಿ. ಇದಕ್ಕೆ ಉಪಕರಣಕ್ಕಿಂತ ನಮ್ಮ ಮೂಗೇ ಮೇಲು. ಸುಟ್ಟ ಪ್ಲಾಸ್ಟಿಕ್ ವಾಸನೆ, ಹಳದಿಯಾದ ಸಾಕೆಟ್, ಗೀಸರ್ ಹಾಕಿದಾಗ ಮಂಕಾಗುವ ಬಲ್ಬು, ಸ್ವಿಚ್ಚಿನ ಚಿಟಿಚಿಟಿ ಸದ್ದು ಇವನ್ನು "ಹಳೇ ಮನೆ, ಹಾಗೇ" ಎಂದು ಬಿಡಬೇಡಿ. ಮನೆಯ ಬಲ್ಬುಗಳಲ್ಲಿ ಕೆಲವು ವಿಪರೀತ ಬೆಳಗಿ ಕೆಲವು ಮಂಕಾದರೆ ನ್ಯೂಟ್ರಲ್ ಎಲ್ಲೋ ಕಡಿದಿರಬಹುದು. ತಕ್ಷಣ ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಿ.

ಕೆಲಸ ಯಾರದ್ದು ಎಂಬ ಗೊಂದಲವೂ ಇದೆ. ಕಂಬದಿಂದ ಮೀಟರಿನವರೆಗೆ ಮೆಸ್ಕಾಂನದು, ಅದರ ಸೀಲನ್ನು ನಾವು ಮುಟ್ಟುವಂತಿಲ್ಲ. ಮೀಟರಿನಿಂದ ಈಚೆಗಿನದು ಮನೆಯವರದು, ಅದನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸಬೇಕು. ಗೀಸರ್, ಎಸಿ ಸೇರಿ ಹೊರೆ ಹೆಚ್ಚಿದ್ದರೆ ಮಂಜೂರಾದ ಕಿಲೋವಾಟನ್ನೂ ಏರಿಸಿಕೊಳ್ಳಿ. ದುಡ್ಡು ಒಟ್ಟಿಗೆ ಹೊಂದದಿದ್ದರೆ ನಾನು ಹೇಳುವ ಸರದಿ ಇದು: ಮೊದಲು ಅರ್ತಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಬಚ್ಚಲು ಅಡುಗೆಮನೆಗಳಿಗೆ ಪ್ರತ್ಯೇಕ ಲೈನು, ಕೊನೆಗೆ ಉಳಿದ ಕೋಣೆಗಳ ವೈರು. ಚೆಂದದ ಸ್ವಿಚ್ ಪ್ಲೇಟು, ಬಣ್ಣ ಬದಲಾಯಿಸುವ ಸೀಲಿಂಗ್ ಲೈಟು ಇವೆಲ್ಲ ಆಮೇಲಿನ ಮಾತು. ಒಳ್ಳೆಯ ಕಂಪನಿಯ ಆರ್‌ಸಿಸಿಬಿಗೆ ಬೀಳುವ ದುಡ್ಡಿನಲ್ಲಿ ಒಂದು ಸಾಧಾರಣ ಸೀಲಿಂಗ್ ಫ್ಯಾನ್ ಬರಬಹುದು, ಅಷ್ಟೇ.

ಜೋಗ, ಲಿಂಗನಮಕ್ಕಿ ಇರುವ ಜಿಲ್ಲೆ ನಮ್ಮದು. 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಾಡಿಗೆ ಬೆಳಕು ಕೊಡುತ್ತಿದೆ. ಆ ಕರೆಂಟಿನ ಕೊನೆಯ ಹತ್ತು ಅಡಿ, ಅಂದರೆ ಬಾಕ್ಸಿನಿಂದ ಬಚ್ಚಲಿನವರೆಗಿನದು, ನಮ್ಮದೇ ಹೊಣೆ. ಇದು ಸ್ವಂತ ಮನೆಯವರಿಗೆ ಮಾತ್ರ ಹೇಳುವ ಮಾತಲ್ಲ. ಗೋಪಾಳದಲ್ಲಿ ಬಾಡಿಗೆ ಮನೆ ನೋಡಲು ಬರುವವರು ತುಂಗಾ ನೀರು ಎಷ್ಟು ಹೊತ್ತು ಬರುತ್ತದೆ, ಗಾಡಿ ನಿಲ್ಲಿಸಲು ಜಾಗ ಇದೆಯೇ, ಬಸ್ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಇನ್ನು ಮೇಲೆ ಅಡ್ವಾನ್ಸ್ ಕೊಡುವ ಮುಂಚೆ ಕರೆಂಟಿನ ಬಾಕ್ಸ್ ಎಲ್ಲಿದೆ ಎಂದು ಕೇಳಿ, ಓನರ್ ಎದುರಿಗೇ ಆ 'ಟಿ' ಗುಂಡಿ ಒತ್ತಿಸಿ. ಗುಂಡಿಯೇ ಇಲ್ಲದಿದ್ದರೆ ಬಾಡಿಗೆ ಕರಾರಿನ ಮೊದಲ ಷರತ್ತು ಅದೇ ಆಗಲಿ. ಬಾಡಿಗೆದಾರರು ಕೇಳತೊಡಗಿದರೆ ಓನರುಗಳು ಹಾಕಿಸುತ್ತಾರೆ.